ದಾವಣಗೆರೆ, ದುರ್ಗದ ಕಡೆ ಸೈಕಾಲಜಿ ಓದಲು ಹೊರಟವರಿಗೆ: ಕ್ಲಾಸಿನಲ್ಲಿ ನಿಜಕ್ಕೂ ಏನಿರುತ್ತೆ

ಪಿಯುಸಿ ಮುಗಿಸಿ ಬಿಎಗೆ ಸೈಕಾಲಜಿ ತಗೊಳ್ಳೋಣ ಅಂತಿದ್ದೀರಾ? ಅಡ್ಮಿಷನ್ ಫಾರಂ ತುಂಬುವ ಮೊದಲು ಒಂದು ಮಾತು. ಎದುರಿಗೆ ಕೂತವರ ಮನಸ್ಸಿನಲ್ಲಿ ಏನಿದೆ ಅಂತ ಓದುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ರೀಲ್ಸ್‌ನಲ್ಲಿ ಬರುತ್ತಲ್ಲ, ಕೈ ಕಟ್ಟಿ ಕೂತರೆ ಇಂಥವರು, ಮೂಗು ಮುಟ್ಟಿಕೊಂಡರೆ ಸುಳ್ಳು ಹೇಳುತ್ತಿದ್ದಾರೆ ಅಂತ, ಅದು ಸಿಲೆಬಸ್‌ನಲ್ಲಿ ಇಲ್ಲ. ಅಲ್ಲಿರುವುದು ಅಳತೆ. ಒಬ್ಬರಿಗೆ ಎಷ್ಟು ನೆನಪಿರುತ್ತೆ, ಎಷ್ಟು ಬೇಗ ಮರೆಯುತ್ತಾರೆ, ಕಣ್ಣು ಎಷ್ಟು ಮಿಲಿಮೀಟರ್ ಮೋಸ ಹೋಗುತ್ತೆ ಅನ್ನುವುದನ್ನು ಅಳೆದು, ಬರೆದು, ಲೆಕ್ಕ ಹಾಕಿ ತೋರಿಸುವ ಕೆಲಸ. ಅದು ಇಷ್ಟವಾಗುವವರಿಗೆ ಈ ಮೂರು ವರ್ಷ ಬಹಳ ಚೆನ್ನಾಗಿರುತ್ತೆ. ಉಳಿದವರಿಗೆ ಎರಡನೇ ತಿಂಗಳಿಗೇ ಬೇಜಾರು ಶುರು.

ಇನ್ನು ಮನೆಯವರ ವಿಷಯ. ದಾವಣಗೆರೆ ಮೆಡಿಕಲ್, ಇಂಜಿನಿಯರಿಂಗ್ ಊರು. "ಆರ್ಟ್ಸಾ?" ಅಂತ ಹುಬ್ಬು ಏರಿಸುವ ಮಾವ ಒಬ್ಬರು ಎಲ್ಲರ ಮನೆಯಲ್ಲೂ ಇರುತ್ತಾರೆ. ಸೇರಿದ ಮೇಲೆ ಅದೇ ಮಾವ ಮದುವೆ ಮನೆಯಲ್ಲಿ ಪಕ್ಕಕ್ಕೆ ಬಂದು ಕೂತು "ಏನಪ್ಪಾ, ನನ್ನ ಮುಖ ನೋಡಿ ಏನನ್ಸುತ್ತೆ ಹೇಳು" ಅಂತಾರೆ. "ಹಸಿವಾದಂಗಿದೆ ಮಾವ, ಊಟಕ್ಕೆ ನಡೀರಿ" ಅಂತ ಹೇಳಿ ಎದ್ದುಬಿಡಿ. ಇದಕ್ಕಿಂತ ಒಳ್ಳೆ ಉತ್ತರ ನನಗಂತೂ ಗೊತ್ತಿಲ್ಲ.

ಸೇರುವ ಮೊದಲು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಈ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಎಲ್ಲ ಕಾಲೇಜಿನಲ್ಲೂ ಸೈಕಾಲಜಿ ಇರುವುದಿಲ್ಲ, ಇದು ನೆನಪಿರಲಿ. ಬಿಎ ಇದೆ ಅಂದ ತಕ್ಷಣ ಸೈಕಾಲಜಿಯೂ ಇದೆ ಅಂತಲ್ಲ. ಹಾಗಾಗಿ ಆಫೀಸಿಗೆ ಹೋಗಿ ನೇರವಾಗಿ ಮೂರು ಪ್ರಶ್ನೆ ಕೇಳಿ. ಸೈಕಾಲಜಿ ಇರುವ ಕಾಂಬಿನೇಷನ್ ಯಾವುದು? ಲೆಕ್ಚರರ್ ಕಾಯಂ ಇದ್ದಾರಾ, ಅತಿಥಿ ಉಪನ್ಯಾಸಕರಾ? ಲ್ಯಾಬ್ ಇದೆಯಾ? ಮೂರನೆಯದೇ ಮುಖ್ಯ. "ಇದೆ" ಅಂದರೆ ಸಾಕಾಗಲ್ಲ, ಬಾಗಿಲು ತೆಗೆಸಿ ಒಮ್ಮೆ ನೋಡಿ. ಕಪಾಟಿಗೆ ಬೀಗ ಹಾಕಿ ಅದರ ಮೇಲೆ ಧೂಳು ಕೂತಿದ್ದರೆ, ಆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಹೇಗೆ ನಡೆಯುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಅತಿಥಿ ಉಪನ್ಯಾಸಕರ ಬಗ್ಗೆ ಕೇಳಿ ಅಂದದ್ದು ಅವರು ಚೆನ್ನಾಗಿ ಪಾಠ ಮಾಡಲ್ಲ ಅಂತಲ್ಲ, ಎಷ್ಟೋ ಕಡೆ ಅವರದ್ದೇ ಒಳ್ಳೆ ಪಾಠ. ಆದರೆ ಅವರ ನೇಮಕ ತಡವಾದರೆ ಸೆಮಿಸ್ಟರ್ ಶುರುವಾಗಿ ವಾರಗಟ್ಟಲೆ ಕ್ಲಾಸೇ ಇರುವುದಿಲ್ಲ, ಆಮೇಲೆ ಐದು ಯೂನಿಟ್‌ಗಳನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ.

ಪಿಯುಸಿಯಲ್ಲಿ ಸೈಕಾಲಜಿ ಇರಲೇಬೇಕು ಅಂತೇನಿಲ್ಲ. ಸೈನ್ಸ್, ಕಾಮರ್ಸ್ ಓದಿದವರೂ ಬರುತ್ತಾರೆ. ಅರ್ಜಿ ಹಾಕುವುದು ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. 2024-25ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದೇ ಬಂದಿದೆ. ಜೊತೆ ವಿಷಯವಾಗಿ ಸಮಾಜಶಾಸ್ತ್ರ ಸಿಕ್ಕರೆ ತಗೊಳ್ಳಿ, ಎರಡಕ್ಕೂ ಒಂದಕ್ಕೊಂದು ಸಹಾಯ ಆಗುತ್ತೆ.

ಮೊದಲ ವರ್ಷದ ಶಾಕ್

ಬಹಳ ಜನ ಫ್ರಾಯ್ಡ್ ಬೇಕು, ಕನಸಿನ ಅರ್ಥ ಬೇಕು ಅಂತ ಬರುತ್ತಾರೆ. ಫ್ರಾಯ್ಡ್ ಬರುತ್ತಾರೆ, ಆದರೆ ವ್ಯಕ್ತಿತ್ವದ ಅಧ್ಯಾಯದಲ್ಲಿ ಬಂದು ಬೇಗ ಹೋಗಿಬಿಡುತ್ತಾರೆ. ಮೊದಲ ಪಾಠ ಸಾಮಾನ್ಯವಾಗಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ 1879ರಲ್ಲಿ ವಿಲ್ಹೆಲ್ಮ್ ವುಂಟ್ ಶುರು ಮಾಡಿದ ಪ್ರಯೋಗಾಲಯದಿಂದ. ಆಮೇಲೆ ಮನಸ್ಸಿನ ಮಾತು ಬಿಡಿ, ಕಣ್ಣಿಗೆ ಕಾಣುವ ನಡವಳಿಕೆ ಮಾತ್ರ ನೋಡೋಣ ಅಂತ 1913ರಲ್ಲಿ ಹೊರಟ ವಾಟ್ಸನ್. ಊಟಕ್ಕೆ ಮೊದಲು ಗಂಟೆ ಬಾರಿಸಿ ಬಾರಿಸಿ, ಆಮೇಲೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸುವ ಹಾಗೆ ಮಾಡಿದ ಪಾವ್ಲೋವ್. ಇವರು ಮನೋವಿಜ್ಞಾನಿಯೇ ಅಲ್ಲ. 1904ರ ನೊಬೆಲ್ ಅವರಿಗೆ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಜೊಲ್ಲಿನ ಮೇಲೆ ಅಷ್ಟು ಆಸಕ್ತಿ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ನಮ್ಮ ಕಡೆಯ ಕಥೆಯನ್ನು ಕ್ಲಾಸಿನಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ನನಗೆ ಸರಿ ಕಾಣಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ 1924ರಲ್ಲೇ ಶುರುವಾಗಿತ್ತು. ದೇಶದಲ್ಲಿ ಅದಕ್ಕಿಂತ ಮೊದಲು ಇದ್ದದ್ದು ಕಲ್ಕತ್ತಾದಲ್ಲಿ, 1916ರಿಂದ. ಮೈಸೂರಿನ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್‌ನಲ್ಲಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ ಗೋಪಾಲಸ್ವಾಮಿಯೂ ಇವರೇ. ಅದೇ ಮೈಸೂರಿನ ಆಕಾಶವಾಣಿ.

ಎರಡನೇ ಶಾಕ್ ಅಂದರೆ ಬಯಾಲಜಿ. ಆರ್ಟ್ಸ್ ತಗೊಂಡೆವು, ಇನ್ನು ಸೈನ್ಸ್ ಕಾಟ ಇಲ್ಲ ಅಂದುಕೊಂಡವರಿಗೆ ನರಕೋಶದ ಚಿತ್ರ ಬಿಡಿಸಿ ಭಾಗ ಗುರುತಿಸಿ ಅಂತ ಪ್ರಶ್ನೆ ಬರುತ್ತೆ. ಮೆದುಳಿನಲ್ಲಿ ಸುಮಾರು 8600 ಕೋಟಿ ನರಕೋಶ ಇವೆ. ಅದರಲ್ಲಿ ನೀವು ಬಿಡಿಸಬೇಕಾದದ್ದು ಒಂದು ಮಾತ್ರ. ಮನೆಯಲ್ಲಿ ನಾಲ್ಕು ಸಲ ಬಿಡಿಸಿ ಅಭ್ಯಾಸ ಮಾಡಿದರೆ ಖಂಡಿತ ಸಿಗುವ ಅಂಕ ಅದು.

ಪ್ರಾಕ್ಟಿಕಲ್: ಇಲ್ಲೇ ಈ ವಿಷಯದ ಜೀವ ಇರುವುದು

ಲ್ಯಾಬ್ ಅಂದರೆ ಆಸಿಡ್ಡು, ಪ್ರನಾಳ ಇರಲ್ಲ. ಒಂದು ಕನ್ನಡಿ, ಒಂದು ಸ್ಟಾಪ್‌ವಾಚ್, ಕೆಲವು ಕಾರ್ಡುಗಳು, ಮರದ ಹಲಗೆಗಳು. ಇಬ್ಬಿಬ್ಬರು ಜೋಡಿಯಾಗಿ ಕೂರಬೇಕು. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಸಬ್ಜೆಕ್ಟ್, ಅಂದರೆ ಯಾರ ಮೇಲೆ ಪ್ರಯೋಗ ನಡೆಯುತ್ತೋ ಅವರು. ಆಮೇಲೆ ಅದಲು ಬದಲು.

ಮೊದಲಿಗೆ ಬರುವುದು ಮುಲ್ಲರ್-ಲೈಯರ್ ಭ್ರಮೆ. ಎರಡು ಗೆರೆ. ಒಂದರ ತುದಿಗೆ ಬಾಣದ ಮೊನೆ ಒಳಗೆ ಮಡಚಿದೆ, ಇನ್ನೊಂದಕ್ಕೆ ಹೊರಗೆ ಚಾಚಿದೆ. ಉದ್ದ ಒಂದೇ ಆದರೂ ಕಣ್ಣಿಗೆ ಎರಡನೆಯದು ಉದ್ದ ಕಾಣುತ್ತೆ. ಹಲಗೆಯ ಜಾರುವ ಭಾಗವನ್ನು ಸಬ್ಜೆಕ್ಟ್ ಎಳೆದು "ಈಗ ಎರಡೂ ಸಮ" ಅಂದ ತಕ್ಷಣ ನೀವು ಹಿಂದಿನ ಸ್ಕೇಲ್ ನೋಡಿ ಎಷ್ಟು ಮಿಲಿಮೀಟರ್ ತಪ್ಪು ಅಂತ ಬರೆದುಕೊಳ್ಳಬೇಕು. ಒಂದು ಸಲ ಚಿಕ್ಕದರಿಂದ ದೊಡ್ಡದಕ್ಕೆ, ಒಂದು ಸಲ ದೊಡ್ಡದರಿಂದ ಚಿಕ್ಕದಕ್ಕೆ, ಎಡಕ್ಕಿಟ್ಟು, ಬಲಕ್ಕಿಟ್ಟು, ಹೀಗೆ ಹಲವು ಸಲ. ಯಾಕೆ ಇಷ್ಟು ಸಲ? ಕೈ ಚಲನೆಯಿಂದ, ಜಾಗದಿಂದ ಆಗುವ ತಪ್ಪು ಒಂದನ್ನೊಂದು ಹೊಡೆದು ಹಾಕಿ, ಉಳಿದದ್ದು ಭ್ರಮೆಯ ಲೆಕ್ಕ ಮಾತ್ರ ಆಗಲಿ ಅಂತ. ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಇದನ್ನೇ ಕೇಳುತ್ತಾರೆ. ಉದ್ದೇಶ ಏನು ಅಂತ ಬಾಯಿಪಾಠ ಒಪ್ಪಿಸುವವರು ಬಹಳ ಜನ ಸಿಗುತ್ತಾರೆ, ಯಾಕೆ ಹೀಗೆ ಮಾಡಿದೆ ಅಂತ ಹೇಳುವವರು ಕಡಿಮೆ.

ಇನ್ನೊಂದು ಮಜಾ ಇದೆ. ಈ ಭ್ರಮೆ ಎಲ್ಲ ಜನಕ್ಕೂ ಒಂದೇ ಪ್ರಮಾಣದಲ್ಲಿ ಇರಲ್ಲ ಅಂತ 1966ರಲ್ಲಿ ಸೆಗಾಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ ಪ್ರಕಟಿಸಿದ ಅಧ್ಯಯನ ತೋರಿಸಿತು. ಬೇರೆ ಬೇರೆ ಸಮಾಜದವರು ಬೇರೆ ಬೇರೆ ಅಳತೆಯಲ್ಲಿ ಮೋಸ ಹೋಗುತ್ತಾರೆ. ನೀವು ಓದುವ ಪ್ರಯೋಗಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಕಾಲೇಜು ಹುಡುಗರ ಮೇಲೆ ಮಾಡಿದವು. ಜಗಳೂರಿನ ಶೇಂಗಾ ಹೊಲದಲ್ಲಿ ಕೆಲಸ ಮಾಡುವ ಅಜ್ಜಿಗೆ ಅದೇ ಫಲಿತಾಂಶ ಬರುತ್ತಾ? ಈ ಪ್ರಶ್ನೆಯನ್ನು ಪ್ರತಿ ಪಾಠಕ್ಕೂ ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಕೆಲವು ಲೆಕ್ಚರರ್‌ಗಳಿಗೆ ಕಿರಿಕಿರಿ ಆಗಬಹುದು. ಪರವಾಗಿಲ್ಲ.

ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದು ನನ್ನ ಇಷ್ಟದ ಪ್ರಯೋಗ. ಕೈ ಕಾಣದ ಹಾಗೆ ಅಡ್ಡ ಹಲಗೆ ಇಟ್ಟಿರುತ್ತಾರೆ, ಕನ್ನಡಿಯೊಳಗೆ ಮಾತ್ರ ನೋಡಬೇಕು. ಪೆನ್ಸಿಲ್ ಮೇಲೆ ಅಂದರೆ ಕೆಳಗೆ ಹೋಗುತ್ತೆ. ಮೊದಲು ಎಡಗೈಯಲ್ಲಿ ಮಾಡಿಸಿ, ಆಮೇಲೆ ಬಲಗೈಗೆ ಚೆನ್ನಾಗಿ ಅಭ್ಯಾಸ ಕೊಟ್ಟು, ಮತ್ತೆ ಎಡಗೈಗೆ ಬಂದರೆ ಎಡಗೈ ಅಭ್ಯಾಸವೇ ಇಲ್ಲದೆ ಚುರುಕಾಗಿರುತ್ತೆ. ಒಂದು ಕೈ ಕಲಿತದ್ದು ಇನ್ನೊಂದಕ್ಕೂ ದಾಟಿದೆ ಅಂತ ಸಮಯ ಮತ್ತು ತಪ್ಪುಗಳ ಲೆಕ್ಕದಲ್ಲಿ ಕಣ್ಣಾರೆ ಕಾಣುತ್ತೆ.

ಇದಲ್ಲದೆ ನೆನಪಿನ ಪ್ರಯೋಗ ಇರುತ್ತೆ. ಅರ್ಥವಿಲ್ಲದ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು. 1885ರಲ್ಲಿ ಎಬ್ಬಿಂಗ್‌ಹೌಸ್ ಪ್ರಕಟಿಸಿದ, ತನ್ನ ಮೇಲೆ ತಾನೇ ಮಾಡಿಕೊಂಡ ಕೆಲಸ ಅದು. ಕಲಿತದ್ದನ್ನು ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಮರೆಯುತ್ತೇವೆ, ಆಮೇಲೆ ಮರೆಯುವ ವೇಗ ಇಳಿಯುತ್ತೆ ಅಂತ ಅವರು ಕಂಡರು. ಪರೀಕ್ಷೆ ಹಿಂದಿನ ರಾತ್ರಿ ಓದುವವರು ಈ ಪಾಠವನ್ನೂ ಹಿಂದಿನ ರಾತ್ರಿಯೇ ಓದುತ್ತಾರೆ, ಏನು ಮಾಡುವುದು.

ಸಬ್ಜೆಕ್ಟ್ ಹುಡುಕುವುದು ಒಂದು ದೊಡ್ಡ ಕೆಲಸ. ಕ್ಲಾಸಿನ ಹೊರಗಿನವರು ಬೇಕು ಅಂದಾಗ ಹಾಸ್ಟೆಲ್ ರೂಮ್‌ಮೇಟ್, ಪಕ್ಕದ ಮನೆ ಆಂಟಿ, ತಮ್ಮ, ತಂಗಿ ಎಲ್ಲರನ್ನೂ ಕಾಡಬೇಕಾಗುತ್ತೆ. ಆಸೆ ತೋರಿಸಿ ಕರೆತನ್ನಿ, ಬೆಣ್ಣೆ ದೋಸೆಗಾದರೆ ಯಾರೂ ಇಲ್ಲ ಅನ್ನಲ್ಲ. ಆದರೆ ಪ್ರಯೋಗ ಏನು ಅಂತ ಮೊದಲೇ ಹೇಳಿ, ಅವರು ಒಪ್ಪಿದ ಮೇಲೇ ಶುರು ಮಾಡಿ. ಬುದ್ಧಿಶಕ್ತಿ, ಆತಂಕ, ವ್ಯಕ್ತಿತ್ವದ ಟೆಸ್ಟ್ ಮಾಡಿಸಿದರೆ ಅವರ ಅಂಕ ನಿಮ್ಮ ರೆಕಾರ್ಡ್ ಬಿಟ್ಟು ಆಚೆ ಹೋಗಬಾರದು. ರೆಕಾರ್ಡಿನಲ್ಲಿ ಕೂಡ ಹೆಸರಿನ ಬದಲು ಇನಿಷಿಯಲ್ ಬರೆದರೆ ಸಾಕು. ಕ್ಯಾಂಟೀನಿನಲ್ಲಿ ಕೂತು "ಅವನ ಸ್ಕೋರ್ ನೋಡಿದ್ಯಾ" ಅಂತ ನಗುವವರನ್ನು ನೋಡಿದ್ದೇನೆ. ಅವರು ಮುಂದೆ ಕೌನ್ಸೆಲರ್ ಆಗದಿರುವುದೇ ಒಳ್ಳೆಯದು.

ರೆಕಾರ್ಡ್ ಬುಕ್ ಅಂದರೆ ಉದ್ದೇಶ, ಸಾಮಗ್ರಿ, ಕ್ರಮ, ಸೂಚನೆ, ಮುನ್ನೆಚ್ಚರಿಕೆ, ಫಲಿತಾಂಶದ ಕೋಷ್ಟಕ, ಚರ್ಚೆ, ತೀರ್ಮಾನ. ಜೊತೆಗೆ ಸಬ್ಜೆಕ್ಟ್‌ಗೆ ಹೇಗನ್ನಿಸಿತು ಅಂತ ಅವರದೇ ಮಾತಿನಲ್ಲಿ ಬರೆಸುವ ಟಿಪ್ಪಣಿ. ಸೀನಿಯರ್ ರೆಕಾರ್ಡ್ ನೋಡಿ ಅಂಕಿಗಳನ್ನೂ ಕಾಪಿ ಹೊಡೆಯುವುದು ನಡೆದು ಬಂದ ಪದ್ಧತಿ. ಬೇಡ. ನಿಮ್ಮ ಫಲಿತಾಂಶ ಪುಸ್ತಕದ ಹಾಗೆ ಬರದಿದ್ದರೆ ಅದನ್ನೇ ಬರೆದು, ಯಾಕೆ ಬರಲಿಲ್ಲ ಅಂತ ಚರ್ಚೆಯಲ್ಲಿ ಹೇಳಿ. ಪಕ್ಕದ ರೂಮಿನಲ್ಲಿ ಗಲಾಟೆ ಇತ್ತು, ಸಬ್ಜೆಕ್ಟ್ ರಾತ್ರಿ ನಿದ್ದೆ ಮಾಡಿರಲಿಲ್ಲ, ಸೂಚನೆ ಸರಿಯಾಗಿ ಅರ್ಥವಾಗಿರಲಿಲ್ಲ, ಏನಿದೆಯೋ ಅದು. ಒಳ್ಳೆ ಎಕ್ಸಾಮಿನರ್ ಸಿಕ್ಕರೆ ಅದಕ್ಕೇ ಅಂಕ ಹೆಚ್ಚು.

ಲೆಕ್ಕ ತಪ್ಪಿದ್ದಲ್ಲ

ಎಸ್ಸೆಸ್ಸೆಲ್ಸಿ ಮುಗಿದ ದಿನ ಗಣಿತಕ್ಕೆ ಕೈ ಮುಗಿದವರು ಇಲ್ಲಿ ಮತ್ತೆ ಅದನ್ನು ಭೇಟಿ ಮಾಡುತ್ತಾರೆ. ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ, ಸಹಸಂಬಂಧ. ಹೆಸರು ದೊಡ್ಡದು, ಲೆಕ್ಕ ಅಷ್ಟೇನಿಲ್ಲ. ಐದು ಜನರಿಗೆ ಪದಗಳ ಪಟ್ಟಿ ಕೊಟ್ಟಿರಿ, ಅವರು ನೆನಪಿಟ್ಟದ್ದು 6, 8, 7, 9, 10 ಪದ ಅಂತಿಟ್ಟುಕೊಳ್ಳಿ. ಕೂಡಿದರೆ 40, ಐದರಿಂದ ಭಾಗಿಸಿದರೆ ಸರಾಸರಿ 8. ಪ್ರತಿಯೊಬ್ಬರೂ 8ರಿಂದ ಎಷ್ಟು ದೂರ? ಎರಡು ಕಡಿಮೆ, ಸೊನ್ನೆ, ಒಂದು ಕಡಿಮೆ, ಒಂದು ಜಾಸ್ತಿ, ಎರಡು ಜಾಸ್ತಿ. ಇವುಗಳ ವರ್ಗ 4, 0, 1, 1, 4. ಮೊತ್ತ 10, ಐದರಿಂದ ಭಾಗಿಸಿದರೆ 2, ಅದರ ವರ್ಗಮೂಲ 1.41. ಮಾನಕ ವಿಚಲನೆ ಅಂದರೆ ಇಷ್ಟೇ. ಗುಂಪಿನವರು ಸರಾಸರಿಯ ಹತ್ತಿರ ಇದ್ದಾರಾ, ಚೆದುರಿದ್ದಾರಾ ಅಂತ ಅದು ಹೇಳುತ್ತೆ. ಸೂತ್ರ ಬರೆದು ಗೋಡೆಗೆ ಅಂಟಿಸುವ ಬದಲು ಹೀಗೆ ನಿಮ್ಮ ಕ್ಲಾಸಿನವರದ್ದೇ ಅಂಕಿ ತಗೊಂಡು ಹತ್ತು ಸಲ ಮಾಡಿ, ಭಯ ಹೋಗುತ್ತೆ.

ಐಕ್ಯೂ ಪಾಠ ಬಂದಾಗ ಇದೆಲ್ಲ ಬೇಕಾಗುತ್ತೆ. ಈಗಿನ ಬಹಳಷ್ಟು ಬುದ್ಧಿ ಪರೀಕ್ಷೆಗಳಲ್ಲಿ ಸರಾಸರಿ 100, ಮಾನಕ ವಿಚಲನೆ 15. ಅಂದರೆ ನೂರಕ್ಕೆ ಸುಮಾರು 68 ಜನ 85ರಿಂದ 115ರ ಒಳಗೇ ಇರುತ್ತಾರೆ. ಪ್ಯಾರಿಸ್‌ನಲ್ಲಿ ಬಿನೆ 1905ರಲ್ಲಿ ಶುರು ಮಾಡಿದ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಟೆಸ್ಟ್ ಅಂತ ಅದರ ಹೆಸರು.

ಕನ್ನಡ ಮೀಡಿಯಂನವರಿಗೆ

ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಬರೆಯಿರಿ. ತೊಂದರೆ ಇರುವುದು ಪುಸ್ತಕದ್ದು. ಕನ್ನಡದಲ್ಲಿ ಒಳ್ಳೆ ಪುಸ್ತಕ ಕಡಿಮೆ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್ ಎಷ್ಟು ಸಲ ಕಾಪಿ ಆಗಿದೆಯೋ ದೇವರೇ ಬಲ್ಲ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಮನೋವಿಜ್ಞಾನ ಪಠ್ಯ ಇಂಗ್ಲಿಷಿನಲ್ಲಿ ಉಚಿತವಾಗಿ ಡೌನ್‌ಲೋಡ್ ಆಗುತ್ತೆ, ಭಾಷೆ ಸುಲಭ. ದಿನಕ್ಕೆ ಎರಡು ಪುಟ ಓದಿ. ಒಂದು ಉದ್ದ ನೋಟ್‌ಬುಕ್ ಮಧ್ಯೆ ಗೆರೆ ಎಳೆದು ಈ ಕಡೆ ಕನ್ನಡ ಪದ, ಆ ಕಡೆ ಇಂಗ್ಲಿಷ್ ಪದ ಬರೆಯುತ್ತಾ ಹೋಗಿ. ಮುಂದೆ ಎಂಎ, ಎಂಎಸ್ಸಿಗೆ ಹೋದರೆ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ, ಆಗ ಈ ನೋಟ್‌ಬುಕ್ ಕೈ ಹಿಡಿಯುತ್ತೆ.

ಎಲ್ಲರಿಗೂ ಒಂದೊಂದು ಕಾಯಿಲೆ ಅಂಟಿಸಬೇಡಿ

ಅಪಸಾಮಾನ್ಯ ಮನೋವಿಜ್ಞಾನದ ಪೇಪರ್ ಬಂದಾಗ ಕ್ಲಾಸಿಗೆ ಕ್ಲಾಸೇ ಡಾಕ್ಟರ್ ಆಗಿಬಿಡುತ್ತೆ. ಅಪ್ಪನಿಗೆ ಸಿಟ್ಟು ಬಂದರೆ ಬೈಪೋಲಾರ್, ಅಮ್ಮ ಎರಡು ಸಲ ಗ್ಯಾಸ್ ಚೆಕ್ ಮಾಡಿದರೆ ಒಸಿಡಿ, ತನಗೆ ಸೋಮವಾರ ಬೇಜಾರಾದರೆ ಡಿಪ್ರೆಷನ್. ಪಟ್ಟಿಯಲ್ಲಿರುವ ಲಕ್ಷಣ ಎಲ್ಲರಲ್ಲೂ ಒಂದೆರಡು ಇದ್ದೇ ಇರುತ್ತೆ. ಎಷ್ಟು ದಿನದಿಂದ, ಎಷ್ಟು ತೀವ್ರ, ಊಟ, ನಿದ್ದೆ, ಕೆಲಸ ಕೆಟ್ಟಿದೆಯಾ ಅಂತ ನೋಡಿ ಹೇಳುವುದು ತರಬೇತಿ ಆದವರ ಕೆಲಸ. ಹಳ್ಳಿಯಲ್ಲಿ ಯಾರಿಗಾದರೂ ಮೈಮೇಲೆ ಬರುತ್ತೆ ಅಂದರೂ ಅಷ್ಟೇ, ಅವರ ಎದುರಿಗೆ ಹೋಗಿ ಪಾಠ ಒಪ್ಪಿಸಬೇಡಿ. ಸುಮ್ನೆ ಕೂತು ನೋಡಿ, ಕೇಳಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥ, ಇವೆಲ್ಲ ಸಾಮಾಜಿಕ ಮನೋವಿಜ್ಞಾನದ ಗುಂಪಿನ ನಡವಳಿಕೆ ಪಾಠಕ್ಕೆ ಪುಸ್ತಕಕ್ಕಿಂತ ಚೆನ್ನಾಗಿ ಒದಗುತ್ತವೆ.

ನಿಮಗೇ ನಿಜವಾಗಿ ಕಷ್ಟ ಇದ್ದರೆ, ಓದಿನಿಂದ ಅದು ವಾಸಿಯಾಗುತ್ತೆ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮ್ಮ ಎರಡೂ ಜಿಲ್ಲೆಯಲ್ಲಿದೆ. ಇದರ ಬೇರು ಇರುವುದು ನಮ್ಮ ಪಕ್ಕದಲ್ಲೇ, ಮೊಳಕಾಲ್ಮುರು ದಾಟಿದರೆ ಸಿಗುವ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಕಾರ್ಯಕ್ರಮಕ್ಕೆ ಅದೇ ಮಾದರಿ.

ಡಿಗ್ರಿ ಆದ ಮೇಲೆ

ಇದನ್ನು ಮೊದಲನೇ ವರ್ಷದಲ್ಲೇ ತಿಳಿದುಕೊಳ್ಳಿ. ಬಿಎ ಸೈಕಾಲಜಿ ಮುಗಿಸಿದ ಮಾತ್ರಕ್ಕೆ ಯಾರೂ ಸೈಕಾಲಜಿಸ್ಟ್ ಆಗುವುದಿಲ್ಲ. ಬೋರ್ಡ್ ಹಾಕಿ ಕೂರುವ ಹಾಗಿಲ್ಲ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದವರು, ಮಾತ್ರೆ ಬರೆಯುವವರು ಅವರು. ಆ ದಾರಿ ನಿಮ್ಮದಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಮಾಸ್ಟರ್ಸ್ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮಾಡಿ ನೋಂದಣಿ ಪಡೆಯಬೇಕು. ಇಷ್ಟು ವರ್ಷ ಅದು ಎರಡು ವರ್ಷದ ಎಂಫಿಲ್ ಆಗಿತ್ತು. ವಿಶ್ವವಿದ್ಯಾಲಯಗಳ ನಿಯಮ ನೋಡಿಕೊಳ್ಳುವ ಯುಜಿಸಿ ಎಂಫಿಲ್ ತೆಗೆದು ಹಾಕಿ, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025-26ರ ಪ್ರವೇಶದವರೆಗೆ ಅವಕಾಶ ಕೊಟ್ಟಿತ್ತು. ನೀವು ಡಿಗ್ರಿ ಮುಗಿಸುವ ಹೊತ್ತಿಗೆ ಯಾವ ಕೋರ್ಸ್ ನಡೆಯುತ್ತಿರುತ್ತೋ ಅದನ್ನು ಪರಿಷತ್ತಿನ ವೆಬ್‌ಸೈಟಿನಲ್ಲೇ ನೋಡಿ, ಕೋಚಿಂಗ್ ಸೆಂಟರ್‌ನವರ ಮಾತು ನಂಬಬೇಡಿ.

ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಎಂಎ ಸೈಕಾಲಜಿ ಮುಗಿಸೋಣ ಅನ್ನುವವರಿಗೆ ಒಂದು ಎಚ್ಚರಿಕೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಕೊಡಬೇಡಿ ಅಂತ ಯುಜಿಸಿ ಹೇಳಿದೆ. ಈಗಲೂ "ಮನೆಯಲ್ಲೇ ಕೂತು ಸೈಕಾಲಜಿ ಡಿಗ್ರಿ" ಅಂತ ಜಾಹೀರಾತು ಕಂಡರೆ ದುಡ್ಡು ಕಟ್ಟುವ ಮೊದಲು ಯುಜಿಸಿ ಆದೇಶ ತೆಗೆದು ನೋಡಿ.

ಕ್ಲಿನಿಕಲ್ ಬೇಡ ಅಂದರೆ ಬೇರೆ ದಾರಿಗಳಿವೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ಸ್) ಮಾಡಿ ಆಸ್ಪತ್ರೆ, ಸಂಸ್ಥೆಗಳ ಕಡೆ ಹೋಗಬಹುದು. ಎಂಬಿಎ ಮಾಡಿ ಎಚ್‌ಆರ್ ಆಗಬಹುದು. ವಿಶೇಷ ಮಕ್ಕಳಿಗೆ ಕಲಿಸುವ ಬಿಎಡ್ ಇದೆ, ನನ್ನ ಪ್ರಕಾರ ನಮ್ಮ ಕಡೆ ಇದರ ಅಗತ್ಯ ಬಹಳ, ಹೋಗುವವರು ಕಡಿಮೆ. ಲೆಕ್ಚರರ್ ಆಗಬೇಕಾದರೆ ಮಾಸ್ಟರ್ಸ್ ಆದ ಮೇಲೆ ಕೆ-ಸೆಟ್ ಅಥವಾ ನೆಟ್ ಅನ್ನುವ ಅರ್ಹತಾ ಪರೀಕ್ಷೆ. ಸೈಕಾಲಜಿಯಲ್ಲೇ ಮಾಸ್ಟರ್ಸ್ ಮಾಡುವುದಾದರೆ ಮೈಸೂರು, ಬೆಂಗಳೂರು, ಧಾರವಾಡ ಮೂರೂ ಕಡೆ ವಿಭಾಗ ಇದೆ. ಧಾರವಾಡ ನಮಗೆ ರೈಲಿಗೆ ಸುಲಭ. ಮೂರೂ ಕಡೆ ಅರ್ಜಿ ಹಾಕಿ. ಆರನೇ ಸೆಮಿಸ್ಟರ್ ರಿಸಲ್ಟ್ ಬರಲಿ ಅಂತ ಕೂತರೆ ಕೊನೆ ದಿನಾಂಕ ದಾಟಿ ಹೋಗಬಹುದು, ಹಾಗಾಗಿ ಪರೀಕ್ಷೆ ಮುಗಿದ ವಾರದಿಂದಲೇ ಅವರ ವೆಬ್‌ಸೈಟ್ ನೋಡುತ್ತಾ ಇರಿ, ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಆಗಲೇ ಅರ್ಜಿ ಕೊಟ್ಟುಬಿಡಿ.